ಕಿಟ್ಟೆಲ್ ಹುಟ್ಟಿದ ಜಿಲ್ಲೆ: ಔರಿಷ್‌ನ ನೆಲ, ನೀರು ಮತ್ತು ಆಡಳಿತ

ಪ್ರಶ್ನೆ: ಕನ್ನಡ ನಿಘಂಟಿನ ಫರ್ಡಿನೆಂಡ್ ಕಿಟ್ಟೆಲ್ ಅವರ ಹುಟ್ಟೂರಿನ ಬಗ್ಗೆ ಒಂದೊಂದು ಕಡೆ ಒಂದೊಂದು ರೀತಿ ಬರೆದಿದ್ದಾರೆ. ಹ್ಯಾನೋವರ್ ರಾಜ್ಯ ಎಂದು ಒಬ್ಬರು, ಪ್ರಷ್ಯ ಎಂದು ಇನ್ನೊಬ್ಬರು, ನೋರ್ಡೆನ್ ಜಿಲ್ಲೆ ಎಂದು ಮತ್ತೊಬ್ಬರು, ಔರಿಷ್ ಜಿಲ್ಲೆ ಎಂದು ಈಚಿನವರು. ಇದರಲ್ಲಿ ಯಾವುದು ಸರಿ? ಆ ಜಿಲ್ಲೆ ಎಂಥದ್ದು, ಅದರ ಭೂಗೋಳ ಮತ್ತು ಇತಿಹಾಸವೇನು?

ಉತ್ತರ: ನೀವು ಓದಿದ ನಾಲ್ಕೂ ಹೇಳಿಕೆಗಳು ಆಯಾ ಕಾಲಕ್ಕೆ ಸರಿಯಾಗಿವೆ. ಕಿಟ್ಟೆಲ್ 1832ರ ಏಪ್ರಿಲ್ 7ರಂದು ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಉತ್ತರ ಸಮುದ್ರದ ದಂಡೆಗೆ ತಾಗಿರುವ ಪೂರ್ವ ಫ್ರೀಸಿಯ ಎಂಬ ಸೀಮೆಗೆ ಸೇರಿದ ಹಳ್ಳಿಯದು. ಆಗ ಆ ಸೀಮೆ ಹ್ಯಾನೋವರ್ ರಾಜ್ಯದಲ್ಲಿತ್ತು, ಹ್ಯಾನೋವರಿನ ಅರಸನಾಗಿದ್ದವನು ಇಂಗ್ಲೆಂಡಿನ ದೊರೆ ನಾಲ್ಕನೆಯ ವಿಲಿಯಂ. ಎರಡು ಸಿಂಹಾಸನಗಳೂ ಒಬ್ಬನೇ ಅರಸನ ಕೈಯಲ್ಲಿದ್ದ ವ್ಯವಸ್ಥೆ 1837ರವರೆಗೆ ನಡೆಯಿತು. 1866ರಲ್ಲಿ ಪ್ರಷ್ಯ ಹ್ಯಾನೋವರನ್ನು ತನ್ನೊಳಗೆ ಸೇರಿಸಿಕೊಂಡಿತು. ಆ ಹೊತ್ತಿಗೆ ಕಿಟ್ಟೆಲ್ ಭಾರತಕ್ಕೆ ಬಂದು ಹದಿಮೂರು ವರ್ಷಗಳಾಗಿದ್ದವು. 1885ರಲ್ಲಿ ಪ್ರಷ್ಯದ ಮಾದರಿಯ ಜಿಲ್ಲೆಗಳು ರಚನೆಯಾದಾಗ ಅವರ ಹುಟ್ಟೂರು ನೋರ್ಡೆನ್ ಜಿಲ್ಲೆಗೆ ಬಂತು. 1946ರಲ್ಲಿ ಇಡೀ ಸೀಮೆ ಲೋವರ್ ಸ್ಯಾಕ್ಸನಿ ರಾಜ್ಯಕ್ಕೆ ಸೇರಿತು, 1977ರ ಆಗಸ್ಟ್ 1ರಂದು ನೋರ್ಡೆನ್ ಜಿಲ್ಲೆಯನ್ನು ಔರಿಷ್ ಜಿಲ್ಲೆಯೊಂದಿಗೆ ಒಂದುಗೂಡಿಸಲಾಯಿತು. ಹೀಗಾಗಿ ಇಂದಿನ ವಿಳಾಸ ಹೇಳುವುದಾದರೆ ಡೋರ್ನುಮ್ ಪಂಚಾಯಿತಿ, ಔರಿಷ್ ಜಿಲ್ಲೆ, ಲೋವರ್ ಸ್ಯಾಕ್ಸನಿ. ಹುಟ್ಟಿದ ಕಾಲದ ವಿಳಾಸ ಬೇಕಾದರೆ ಪೂರ್ವ ಫ್ರೀಸಿಯ, ಹ್ಯಾನೋವರ್ ರಾಜ್ಯ.

ಆದರೆ ಅರಸರು ಮತ್ತು ರಾಜ್ಯಗಳು ಬದಲಾದ ಈ ಪಟ್ಟಿಯಿಂದ ಆ ಜಿಲ್ಲೆ ನಮಗೆ ಅರ್ಥವಾಗುವುದಿಲ್ಲ. ಅಲ್ಲಿಯ ಊರುಗಳು ಎಲ್ಲಿ ನಿಂತಿವೆ, ಒಂದು ಭಾಗ ಏಕೆ ಶ್ರೀಮಂತವಾಯಿತು, ಇನ್ನೊಂದು ಏಕೆ ಶತಮಾನಗಟ್ಟಲೆ ಬಡವಾಗಿಯೇ ಉಳಿಯಿತು, ಅರಸುಮನೆತನವೊಂದು ಏಕೆ ಕುಸಿಯಿತು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಇರುವುದು ನೀರನ್ನು ಹೊರಗಿಡುವ ಮತ್ತು ಹೊರಹಾಕುವ ಕೆಲಸದಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಮೊದಲು ನೆಲದ ವಿಷಯ ಹೇಳಿ ಆಮೇಲೆ ಚರಿತ್ರೆಗೆ ಬರುತ್ತೇನೆ.

ಅದಕ್ಕೂ ಮುಂಚೆ ಆಡಳಿತದ ಬಗ್ಗೆ ಒಂದು ಮಾತು. ಜರ್ಮನಿಯಲ್ಲಿ ಇಂತಹ ಗ್ರಾಮಾಂತರ ಜಿಲ್ಲೆಗಳು ಒಟ್ಟು 294 ಇವೆ. ದೊಡ್ಡ ನಗರಗಳು ಯಾವ ಜಿಲ್ಲೆಗೂ ಸೇರದೆ ಸ್ವತಂತ್ರವಾಗಿರುತ್ತವೆ. ಔರಿಷ್‌ಗೆ ಒತ್ತಿಕೊಂಡಿರುವ ಬಂದರು ನಗರ ಎಮ್ಡೆನ್ ಅಂಥದ್ದು, ಹಾಗಾಗಿ ನಕ್ಷೆಯಲ್ಲಿ ಜಿಲ್ಲೆಯ ನೈಋತ್ಯಕ್ಕೆ ಒಂದು ಕಚ್ಚು ಬಿದ್ದಂತೆ ಕಾಣುತ್ತದೆ. ನಮ್ಮ ಜಿಲ್ಲಾಧಿಕಾರಿಯನ್ನು ಸರ್ಕಾರ ನೇಮಿಸುತ್ತದೆ. ಅಲ್ಲಿಯ ಜಿಲ್ಲಾ ಮುಖ್ಯಸ್ಥರನ್ನು ಲೋವರ್ ಸ್ಯಾಕ್ಸನಿಯಲ್ಲಿ ಮತದಾರರೇ ನೇರವಾಗಿ ಆರಿಸುತ್ತಾರೆ, ಜಿಲ್ಲಾ ಸಭೆಯ ಸದಸ್ಯರನ್ನೂ ಹಾಗೆಯೇ. ಕಸ ವಿಲೇವಾರಿ, ವಾಹನ ನೋಂದಣಿ, ಕಟ್ಟಡ ಪರವಾನಗಿ, ಪ್ರೌಢಶಾಲೆಗಳ ಕಟ್ಟಡ, ಮಕ್ಕಳ ಕಲ್ಯಾಣ, ಆಸ್ಪತ್ರೆ ಮುಂತಾದವು ಜಿಲ್ಲೆಯ ಹೊಣೆ. ಔರಿಷ್ ಜಿಲ್ಲೆಯ ವಿಸ್ತೀರ್ಣ ಸುಮಾರು 1,287 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 1.9 ಲಕ್ಷ. ಔರಿಷ್, ನೋರ್ಡೆನ್, ನೋರ್ಡರ್ನೈ, ವೀಸ್‌ಮೋರ್ ಎಂಬ ನಾಲ್ಕು ಪಟ್ಟಣಗಳಿವೆ, ಉಳಿದದ್ದೆಲ್ಲ ಹಳ್ಳಿಗಾಡು.

ಈಗ ಉತ್ತರದ ಸಮುದ್ರದಿಂದ ದಕ್ಷಿಣದ ಒಳನಾಡಿನ ಕಡೆಗೆ ನಡೆದು ಬನ್ನಿ. ಮೊದಲು ಸಿಗುವುದು ಮರಳಿನ ದ್ವೀಪಗಳು: ಯೂಸ್ಟ್, ನೋರ್ಡರ್ನೈ, ಬಾಲ್ಟ್ರುಮ್. ಇವು ಬಂಡೆಯ ಮೇಲೆ ನಿಂತ ದ್ವೀಪಗಳಲ್ಲ, ಗಾಳಿ ಮತ್ತು ಅಲೆ ಒಟ್ಟುಗೂಡಿಸಿದ ಮರಳಿನ ರಾಶಿಗಳು. ಪಶ್ಚಿಮದ ತುದಿಯಲ್ಲಿ ಸವೆದು ಪೂರ್ವದ ತುದಿಯಲ್ಲಿ ಬೆಳೆಯುತ್ತಾ ಶತಮಾನಗಳಿಂದ ನಿಧಾನವಾಗಿ ಪೂರ್ವಕ್ಕೆ ಸರಿದಿವೆ. 1651ರ ಬಿರುಗಾಳಿ ಪ್ರವಾಹ ಯೂಸ್ಟ್ ದ್ವೀಪವನ್ನು ಎರಡಾಗಿ ಸೀಳಿತ್ತು, ಅದು ಪೂರ್ತಿಯಾಗಿ ಮತ್ತೆ ಕೂಡಿದ್ದು 20ನೆಯ ಶತಮಾನದಲ್ಲಿ. ದ್ವೀಪಗಳಿಗೂ ದಂಡೆಗೂ ನಡುವೆ ಇರುವುದು ದಿನಕ್ಕೆರಡು ಬಾರಿ ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ಬಯಲಾಗುವ ವಿಶಾಲವಾದ ಕೆಸರುಬಯಲು. 1986ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು, 2009ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂದಿಗೂ ಯೂಸ್ಟ್ ದ್ವೀಪಕ್ಕೆ ಹೋಗುವ ದೋಣಿಯ ವೇಳಾಪಟ್ಟಿಯನ್ನು ಉಬ್ಬರ ಇಳಿತ ನೋಡಿಯೇ ಹಾಕುತ್ತಾರೆ.

ದಂಡೆಯ ಒಡ್ಡು ದಾಟಿದರೆ ಸಿಗುವುದು ಸಮುದ್ರವೇ ತಂದು ಹಾಸಿದ ಜೇಡಿಮಣ್ಣಿನ ಮೆಕ್ಕಲು ಬಯಲು. ಮರಗಳು ವಿರಳ, ಗಾಳಿ ಹೆಚ್ಚು, ಮಣ್ಣು ಬಹಳ ಫಲವತ್ತು. ಗೋಧಿಯೂ ಹಾಲಿನ ಹೈನೂ ಇಲ್ಲಿಯ ಸಂಪತ್ತು. ಮನೆ, ಕೊಟ್ಟಿಗೆ, ಹುಲ್ಲಿನ ಬಣವೆ ಎಲ್ಲವನ್ನೂ ಒಂದೇ ಭಾರೀ ಸೂರಿನಡಿ ತಂದ ಇಟ್ಟಿಗೆಯ ತೋಟದಮನೆಗಳು ಆ ಸಂಪತ್ತಿನ ಗುರುತು. ಅದಕ್ಕೂ ಒಳಗೆ ಹಿಮಯುಗ ಬಿಟ್ಟುಹೋದ ಮರಳುದಿಬ್ಬವಿದೆ. ಹತ್ತು ಮೀಟರ್ ಆಸುಪಾಸಿನ ಎತ್ತರವನ್ನು ಬೇರೆಡೆ ಯಾರೂ ದಿಬ್ಬವೆಂದು ಕರೆಯಲಾರರು, ಆದರೆ ಇಲ್ಲಿ ಆ ಕೆಲವು ಮೀಟರ್‌ಗಳೇ ಪ್ರವಾಹದಿಂದ ರಕ್ಷಣೆ ಕೊಟ್ಟವು. ಜಿಲ್ಲಾ ಕೇಂದ್ರ ಔರಿಷ್ ನಿಂತಿರುವುದು ಇದರ ಮೇಲೆ. ಈ ದಿಬ್ಬದ ನಡುವೆಯೂ ಸುತ್ತಲೂ ನೀರು ಹರಿದುಹೋಗದ ತಗ್ಗುಗಳಲ್ಲಿ ಪಾಚಿ ಸಾವಿರಾರು ವರ್ಷ ಕೊಳೆಯದೆ ಪದರಪದರವಾಗಿ ಕೂತು ಮೀಟರುಗಟ್ಟಲೆ ದಪ್ಪದ ಪೀಟ್ ಜೌಗು ಬೆಳೆಯಿತು. ಔರಿಷ್ ಮತ್ತು ವಿಟ್‌ಮುಂಡ್ ಜಿಲ್ಲೆಗಳ ಗಡಿಯ ಬಳಿ ಸುಮಾರು 90 ಹೆಕ್ಟೇರ್ ಹರಡಿರುವ ಕಪ್ಪು ನೀರಿನ ಸರೋವರವೊಂದಿದೆ. ಜರ್ಮನಿಯ ಜೌಗುನೆಲದ ಸರೋವರಗಳಲ್ಲಿ ಅದೇ ದೊಡ್ಡದು. ಹೀಗೆ ಮೆಕ್ಕಲು, ಮರಳು, ಜೌಗು ಎಂಬ ಮೂರು ನೆಲ. ಜಿಲ್ಲೆಯ ಚರಿತ್ರೆಯಲ್ಲಿ ಸಿಗುವ ಸಿರಿತನ, ಬಡತನ, ಜಗಳಗಳನ್ನು ಈ ಮೂರರ ಮೇಲೆ ಇಟ್ಟು ನೋಡಬೇಕು.

ಒಡ್ಡುಗಳು ಬರುವ ಮೊದಲು ಮೆಕ್ಕಲು ಬಯಲಿನ ಜನ ಮಣ್ಣು, ಸಗಣಿ, ಗೊಬ್ಬರ ಪೇರಿಸಿ ದಿನ್ನೆ ಕಟ್ಟಿ ಅದರ ಮೇಲೆ ಮನೆ ಮಾಡಿಕೊಂಡಿದ್ದರು. ತಲೆಮಾರುಗಳ ಕಾಲ ಎತ್ತರಿಸುತ್ತಾ ಬಂದ ಈ ದಿನ್ನೆಗಳ ಮೇಲೆಯೇ ಇಂದಿಗೂ ಹಳ್ಳಿಗಳಿವೆ. ಕ್ರುಮ್‌ಹೋರ್ನ್ ಭಾಗದ ರೀಸುಮ್ ಊರನ್ನು ಮೇಲಿನಿಂದ ನೋಡಿದರೆ ಚಕ್ರದಂತೆ ದುಂಡಗಿದೆ. ಇಗರ್ಜಿ ನಡುವಿನ ಅತಿ ಎತ್ತರದ ಜಾಗದಲ್ಲಿ, ಬೀದಿಗಳು ಅದರ ಸುತ್ತ ಬಳಸಿಕೊಂಡು. ಸುಮಾರು ಸಾವಿರ ವರ್ಷದ ಹಿಂದೆ ಒಡ್ಡು ಕಟ್ಟುವ ಕೆಲಸ ಶುರುವಾಯಿತು, 13ನೆಯ ಶತಮಾನದ ಹೊತ್ತಿಗೆ ದಂಡೆಯುದ್ದಕ್ಕೂ ಒಡ್ಡುಗಳು ಒಂದಕ್ಕೊಂದು ಕೂಡಿದ್ದವು.

ಒಡ್ಡು ಕಟ್ಟಿದ ಕೂಡಲೇ ಎರಡನೆಯ ತೊಂದರೆ ಹುಟ್ಟುತ್ತದೆ: ಹೊರಗಿನ ನೀರು ಒಳಗೆ ಬರುವುದಿಲ್ಲ ನಿಜ, ಒಳಗಿನ ಮಳೆನೀರೂ ಹೊರಗೆ ಹೋಗುವುದಿಲ್ಲ. ಇದಕ್ಕೆ ಅವರು ಕಂಡುಕೊಂಡ ಉಪಾಯ ಒಡ್ಡಿನಲ್ಲಿ ಕೂರಿಸಿದ ತೂಬು. ಅದರ ಎರಡು ಮರದ ಕದಗಳು ಸಮುದ್ರದ ಕಡೆಗೆ ಮೂತಿ ಚಾಚಿದಂತೆ ಕೋನವಾಗಿ ಸೇರುತ್ತವೆ. ಉಬ್ಬರ ಏರಿದಾಗ ಹೊರಗಿನ ನೀರಿನ ಒತ್ತಡವೇ ಕದಗಳನ್ನು ಒತ್ತಿ ಬಿಗಿಯಾಗಿ ಮುಚ್ಚುತ್ತದೆ. ಇಳಿತದಲ್ಲಿ ಒಳಗಿನ ನೀರಿನ ಮಟ್ಟ ಮೇಲಾಗಿ ಅದೇ ಕದಗಳನ್ನು ತಳ್ಳಿ ತೆರೆದು ಹೊರಗೆ ಹರಿಯುತ್ತದೆ. ಕಾವಲುಗಾರ ಬೇಕಿಲ್ಲ, ಯಂತ್ರ ಬೇಕಿಲ್ಲ. ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನು ಕಂಡವರಿಗೆ ಒಡ್ಡು, ತೂಬು, ಉಪ್ಪುನೀರಿನ ಈ ಲೆಕ್ಕಾಚಾರ ಕೂಡಲೇ ತಿಳಿದೀತು. ಈ ತೂಬುಗಳ ಬಾಯಲ್ಲೇ ಸಣ್ಣ ಬಂದರುಗಳು ಹುಟ್ಟಿದವು. ಗ್ರೀಟ್‌ಸೀಲ್, ನೆಸ್‌ಮರ್‌ಸೀಲ್, ಡೋರ್ನುಮರ್‌ಸೀಲ್ ಎಲ್ಲವೂ ಹಾಗೆ ಬೆಳೆದ ಊರುಗಳು. ಕಿಟ್ಟೆಲ್ ಅವರ ಹಳ್ಳಿ ಇರುವುದು ಡೋರ್ನುಮರ್‌ಸೀಲ್ ಬಂದರಿನಿಂದ ಕೆಲವೇ ಕಿಲೋಮೀಟರ್ ಒಳಗೆ.

ಒಡ್ಡಿನ ಕಾನೂನು ಕಠಿಣವಾಗಿತ್ತು. ಪ್ರತಿಯೊಬ್ಬ ಜಮೀನುದಾರನಿಗೂ ಒಡ್ಡಿನ ಇಂತಿಷ್ಟು ಭಾಗ ಎಂದು ಗೊತ್ತುಮಾಡಿರುತ್ತಿತ್ತು, ತನ್ನ ಭಾಗವನ್ನು ಅವನೇ ಸುಸ್ಥಿತಿಯಲ್ಲಿಡಬೇಕು. ಆಗದಿದ್ದವನು ತನ್ನ ಗುದ್ದಲಿಯನ್ನು ಒಡ್ಡಿಗೆ ನೆಟ್ಟು ಜಮೀನು ಬಿಟ್ಟು ಹೊರಡಬೇಕಿತ್ತು. ಆ ಗುದ್ದಲಿಯನ್ನು ಕಿತ್ತುಕೊಂಡವನಿಗೆ ಜಮೀನೂ ಸಿಗುತ್ತಿತ್ತು, ಒಡ್ಡಿನ ಹೊಣೆಯೂ ಹೆಗಲಿಗೇರುತ್ತಿತ್ತು. ಒಡ್ಡು ಕಟ್ಟಲಾರದವನು ಜಾಗ ಖಾಲಿ ಮಾಡಬೇಕು ಎಂಬ ಗಾದೆ ಅಲ್ಲಿ ಈಗಲೂ ಉಳಿದಿದೆ. ಒಬ್ಬನ ಭಾಗ ಸೋರಿದರೆ ಹತ್ತು ಹಳ್ಳಿ ಮುಳುಗುವ ನೆಲದಲ್ಲಿ ಇದಕ್ಕಿಂತ ಸಡಿಲವಾದ ಕಾನೂನು ನಡೆಯುವಂತಿರಲಿಲ್ಲ.

ಮಧ್ಯಯುಗದ ಫ್ರೀಸಿಯರು ಯಾವ ಊಳಿಗಮಾನ್ಯ ಒಡೆಯನಿಗೂ ತಲೆಬಾಗದೆ, ತಾವು ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಗೆ ಮಾತ್ರ ಅಧೀನರು ಎಂದು ಸಾರಿಕೊಂಡದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಒಡ್ಡಿನ ಕೆಲಸ ಊರವರನ್ನು ಒಟ್ಟಿಗೆ ಕೂತು ತೀರ್ಮಾನಿಸುವ ರೂಢಿಗೆ ಒಗ್ಗಿಸಿತ್ತು. ಔರಿಷ್‌ನ ಪಶ್ಚಿಮಕ್ಕೆ ರಾಹೆ ಎಂಬ ಊರಿನ ಬಳಿ ಉಪ್‌ಸ್ಟಾಲ್ಸ್‌ಬೋಮ್ ಎಂಬ ಹಳೆಯ ಸಮಾಧಿ ದಿಬ್ಬವಿದೆ. 13 ಮತ್ತು 14ನೆಯ ಶತಮಾನಗಳಲ್ಲಿ ಫ್ರೀಸಿಯದ ಬೇರೆಬೇರೆ ಸೀಮೆಗಳ ಪ್ರತಿನಿಧಿಗಳು ಪೆಂಟೆಕೋಸ್ಟ್ ಹಬ್ಬದ ನಂತರದ ಮಂಗಳವಾರ ಅಲ್ಲಿ ಸೇರಿ ಕಾನೂನು, ಶಾಂತಿ, ವ್ಯಾಜ್ಯಗಳ ಬಗ್ಗೆ ನಿರ್ಣಯ ಮಾಡುತ್ತಿದ್ದರು. ಈಗ ಅಲ್ಲಿ ಮರಗಳ ಸಾಲಿನ ಕೊನೆಗೆ 1833ರಲ್ಲಿ ಕಟ್ಟಿದ ಕಲ್ಲಿನ ಪಿರಮಿಡ್ ನಿಂತಿದೆ. ಎಲ್ಲರೂ ಸಮಾನರಾಗಿದ್ದರು ಎಂದು ಇದನ್ನು ಹಿಗ್ಗಿಸಿ ಹೇಳುವವರಿದ್ದಾರೆ, ನಾನು ಅದನ್ನು ಒಪ್ಪುವುದಿಲ್ಲ. ಮಾತಿಗೆ ಬೆಲೆಯಿದ್ದದ್ದು ಜಮೀನುಳ್ಳವರಿಗೆ.

ಅದೇ ಜಮೀನುಳ್ಳವರಲ್ಲಿ ಕೆಲವು ಮನೆತನಗಳು 14ನೆಯ ಶತಮಾನದಲ್ಲಿ ಬಲಿತು ನಾಯಕರಾದವು, ಕೋಟೆಮನೆ ಕಟ್ಟಿಕೊಂಡು ಪರಸ್ಪರ ಕಾದಾಡಿದವು. ಕಾರಣಗಳಲ್ಲಿ ಮಹಾಮಾರಿಯೂ ಇತ್ತು, ಪ್ರವಾಹಗಳೂ ಇದ್ದವು. 1362 ಮತ್ತು 1374ರ ಪ್ರವಾಹಗಳು ನೋರ್ಡೆನ್‌ನ ದಕ್ಷಿಣಕ್ಕೆ ಲೈಬುಖ್ಟ್ ಎಂಬ ಕೊಲ್ಲಿಯನ್ನು ಎಷ್ಟು ಒಳಕ್ಕೆ ಕೊರೆದವೆಂದರೆ ಒಳನಾಡಿನ ಮಾರಿಯೆನ್‌ಹಾಫೆ ಬಂದರೂರಾಗಿಬಿಟ್ಟಿತು. 1390ರ ದಶಕದಲ್ಲಿ ಅಲ್ಲಿಯ ಟೋಮ್ ಬ್ರೋಕ್ ನಾಯಕರು ಕಡಲ್ಗಳ್ಳರಿಗೆ ಆಶ್ರಯ ಕೊಟ್ಟರು. ಇಗರ್ಜಿಯ ದಪ್ಪ ಗೋಪುರಕ್ಕೆ ಕಡಲ್ಗಳ್ಳ ಸ್ಟೋರ್ಟೆಬೆಕರ್‌ನ ಹೆಸರು ಅಂಟಿಕೊಂಡಿದೆ. ಇಂದು ಮಾರಿಯೆನ್‌ಹಾಫೆಯಲ್ಲಿ ನಿಂತರೆ ಸುತ್ತ ಹೊಲಗಳು ಮಾತ್ರ ಕಾಣುತ್ತವೆ. ಕೊಲ್ಲಿಯನ್ನು ತುಂಡುತುಂಡಾಗಿ ಒಡ್ಡು ಹಾಕಿ ಮತ್ತೆ ನೆಲ ಮಾಡಿಕೊಳ್ಳಲು ಐದಾರು ಶತಮಾನ ಹಿಡಿಯಿತು, ಕೊನೆಯ ದೊಡ್ಡ ತುಂಡು ಒಡ್ಡಿನೊಳಗೆ ಬಂದದ್ದು 1950ರ ಹೊತ್ತಿಗೆ.

ಕಾದಾಟದಲ್ಲಿ ಗೆದ್ದು ಉಳಿದದ್ದು ಗ್ರೀಟ್‌ಸೀಲ್‌ನ ಸಿರ್ಕ್ಸೇನಾ ಮನೆತನ. 1464ರಲ್ಲಿ ಚಕ್ರವರ್ತಿ ಮೂರನೆಯ ಫ್ರೆಡರಿಕ್ ಉಲ್ರಿಷ್ ಸಿರ್ಕ್ಸೇನಾನಿಗೆ ಕೌಂಟ್ ಪದವಿ ಕೊಟ್ಟ. 1561ರಲ್ಲಿ ಅರಮನೆ ಎಮ್ಡೆನ್‌ನಿಂದ ಔರಿಷ್‌ಗೆ ಬಂತು. ಹೊಲಗಳ ನಡುವಿನ ಸಣ್ಣ ಪೇಟೆ ಆಡಳಿತದ ಊರಾದದ್ದು ಹೀಗೆ, ಅದು ಇವತ್ತಿಗೂ ಕಚೇರಿಗಳ ಊರೇ. ಆದರೆ ಅರಸರಿಗೆ ಪ್ರಜೆಗಳು ಸುಲಭವಾಗಿ ಬಗ್ಗಲಿಲ್ಲ. ತೆರಿಗೆಯ ಹತೋಟಿಯನ್ನು ಜಮೀನುದಾರರು, ಪಟ್ಟಣಗಳು, ರೈತರು ಕೂಡಿದ ಸಭೆಯೇ ಇಟ್ಟುಕೊಂಡಿತ್ತು.

1717ರ ಕ್ರಿಸ್ಮಸ್ ಹಿಂದಿನ ರಾತ್ರಿ ವಾಯವ್ಯದ ಬಿರುಗಾಳಿ ಒಡ್ಡುಗಳನ್ನು ಸಾಲುಸಾಲಾಗಿ ಒಡೆಯಿತು. ಪೂರ್ವ ಫ್ರೀಸಿಯವೊಂದರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು, ದನಕರುಗಳ ಸಾವಿಗೆ ಮಿತಿಯಿರಲಿಲ್ಲ, ಉಪ್ಪುನೀರು ನಿಂತ ಹೊಲಗಳು ವರ್ಷಗಳ ಕಾಲ ಬೆಳೆ ಕೊಡಲಿಲ್ಲ. ಒಡ್ಡು ಮತ್ತೆ ಕಟ್ಟುವ ಖರ್ಚು ಯಾರದು ಎಂಬ ಪ್ರಶ್ನೆ ಅರಸನಿಗೂ ಸಭೆಗೂ ಇದ್ದ ಹಳೆಯ ಮನಸ್ತಾಪಕ್ಕೆ ತುಪ್ಪ ಸುರಿಯಿತು. 1726-27ರಲ್ಲಿ ಅದು ಒಳಯುದ್ಧವಾಗಿ ಸಿಡಿಯಿತು. ಸಾಲದಲ್ಲಿ ಮುಳುಗಿದ, ಪ್ರಜೆಗಳೊಡನೆ ಮುರಿದುಕೊಂಡ ಮನೆತನದ ಕೊನೆಯ ಅರಸ ಕಾರ್ಲ್ ಎಡ್ಜಾರ್ಡ್ 1744ರ ಮೇ ತಿಂಗಳಲ್ಲಿ 27ನೆಯ ವಯಸ್ಸಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ ಪ್ರಷ್ಯದ ಎರಡನೆಯ ಫ್ರೆಡರಿಕ್ ಹಿಂದೆಯೇ ಪಡೆದಿಟ್ಟುಕೊಂಡಿದ್ದ ಹಕ್ಕನ್ನು ಮುಂದಿಟ್ಟು ಸೀಮೆಯನ್ನು ಯುದ್ಧವಿಲ್ಲದೆ ವಶಪಡಿಸಿಕೊಂಡ. ಎಮ್ಡೆನ್ ಪಟ್ಟಣ ಮೊದಲೇ ಅವನೊಡನೆ ಒಪ್ಪಂದ ಮಾಡಿಕೊಂಡಿತ್ತು. ಬಿರುಗಾಳಿಯೊಂದೇ ಸಿರ್ಕ್ಸೇನಾ ಅರಸರನ್ನು ಉರುಳಿಸಿತು ಎಂದು ನಾನು ಹೇಳುತ್ತಿಲ್ಲ. ಆದರೆ ಅದನ್ನು ಬಿಟ್ಟು ಅವರ ಪತನವನ್ನು ವಿವರಿಸಲಾಗದು.

ಜೌಗುನೆಲದ ಕಥೆ ಬೇರೆ. ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ ಎಮ್ಡೆನ್‌ಗೆ ಉರುವಲು ಪೀಟ್ ಸಿಗುವುದು ಕಷ್ಟವಾದಾಗ, 1633ರಲ್ಲಿ ಅಲ್ಲಿಯ ನಾಲ್ವರು ವರ್ತಕರು ಔರಿಷ್‌ನ ದಕ್ಷಿಣಕ್ಕಿದ್ದ ಜೌಗನ್ನು ಗುತ್ತಿಗೆ ಹಿಡಿದು ಗ್ರೋಸೆಫೇನ್ ಎಂಬ ವಸಾಹತನ್ನು ಆರಂಭಿಸಿದರು. ಮೊದಲು ಜೌಗಿನೊಳಕ್ಕೆ ಕಾಲುವೆ ತೋಡುವುದು. ಕಾಲುವೆಯಿಂದ ನೀರು ಬಸಿದಂತೆ ಇಕ್ಕೆಲದ ಪೀಟನ್ನು ಇಟ್ಟಿಗೆಯಂತೆ ಕತ್ತರಿಸಿ ಒಣಗಿಸುವುದು. ಅದೇ ಕಾಲುವೆಯಲ್ಲಿ ದೋಣಿಗೆ ಹೇರಿ ಪೇಟೆಗೆ ಒಯ್ಯುವುದು. ಮರಳುವಾಗ ದಂಡೆಯ ಮೆಕ್ಕಲನ್ನೂ ಪಟ್ಟಣದ ಗೊಬ್ಬರವನ್ನೂ ತುಂಬಿಕೊಂಡು ಬಂದು ಪೀಟ್ ತೆಗೆದ ನೆಲಕ್ಕೆ ಬೆರೆಸುವುದು. ಕಾಲುವೆಗುಂಟ ಕಿಲೋಮೀಟರುಗಟ್ಟಲೆ ಒಂದೇ ಸಾಲಿನಲ್ಲಿ ಮನೆಗಳು ಬೆಳೆದವು. ಪೀಟ್ ದೋಣಿ ನಡೆಸುತ್ತಿದ್ದವರ ಮಕ್ಕಳು ಸಮುದ್ರದ ಹಡಗುಗಳ ಕಪ್ತಾನರಾದರು, ಸಮೀಪದ ಟಿಮ್ಮೆಲ್‌ನಲ್ಲಿ ನಾವಿಕ ಶಾಲೆಯೇ ನಡೆಯಿತು. ಮೊದಲ ತಲೆಗೆ ಸಾವು, ಎರಡನೆಯದಕ್ಕೆ ಬವಣೆ, ಮೂರನೆಯದಕ್ಕೆ ರೊಟ್ಟಿ ಎಂದು ಜೌಗಿನ ಜನ ಹೇಳುತ್ತಾರೆ. ಗ್ರೋಸೆಫೇನ್‌ನಲ್ಲಿ ಮೂರನೆಯ ತಲೆಗೆ ನಿಜಕ್ಕೂ ರೊಟ್ಟಿ ಸಿಕ್ಕಿತು.

ಪ್ರಷ್ಯದ ಸರ್ಕಾರ ಹಿಡಿದ ದಾರಿ ಹಾಗಿರಲಿಲ್ಲ. 1765ರ ರಾಜಾಜ್ಞೆ ಸಾಗುವಳಿಯಾಗದ ಜೌಗನ್ನೆಲ್ಲ ಸರ್ಕಾರದ ಸ್ವತ್ತೆಂದು ಸಾರಿ, ಕೇಳಿದವರಿಗೆ ತುಂಡು ಜಮೀನು ಹಂಚಿತು. ಕಾಲುವೆ ತೋಡುವ ಬಂಡವಾಳವನ್ನು ಮಾತ್ರ ಯಾರೂ ಹಾಕಲಿಲ್ಲ. 1767ರಲ್ಲಿ ಶುರುವಾದ ಮೋರ್‌ಡೋರ್ಫ್ ಇದರ ನೋವಿನ ಉದಾಹರಣೆ. ದಾರಿಯಿಲ್ಲ, ಗೊಬ್ಬರವಿಲ್ಲ, ಜೌಗಿನ ಮೇಲ್ಪದರಕ್ಕೆ ಬೆಂಕಿ ಹಚ್ಚಿ ಬೂದಿಯಲ್ಲಿ ಬಕ್‌ವೀಟ್ ಎಂಬ ಧಾನ್ಯ ಬಿತ್ತುವುದೊಂದೇ ಗತಿ, ಕೆಲವು ವರ್ಷಗಳಲ್ಲಿ ಮಣ್ಣಿನ ಸತ್ವ ಮುಗಿಯುತ್ತಿತ್ತು. ಜನ ಮಣ್ಣಿನ ಗುಡಿಸಲುಗಳಲ್ಲಿ ಬಾಳಿದರು, ಪೊರಕೆ ಕಟ್ಟಿ ಮಾರಿದರು, ತಿರಿದು ತಿಂದರು, ಸುತ್ತಲಿನ ಊರುಗಳ ತಾತ್ಸಾರಕ್ಕೆ ಗುರಿಯಾದರು. ಈಗ ಅಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಆ ಗುಡಿಸಲುಗಳನ್ನು ಮತ್ತೆ ಕಟ್ಟಿ ಇಟ್ಟಿದ್ದಾರೆ. ಜಿಲ್ಲೆಯಲ್ಲಿ ಒಂದೇ ಜಾಗ ನೋಡಲು ಸಮಯವಿದ್ದರೆ ಅರಮನೆಗಿಂತ ಮೊದಲು ಅದನ್ನು ನೋಡಿ ಎನ್ನುತ್ತೇನೆ. ಒಂದೇ ಬಗೆಯ ನೆಲ ಒಂದೂರಿಗೆ ಅನ್ನ ಕೊಟ್ಟು ಇನ್ನೊಂದನ್ನು ಹಸಿವಿಗೆ ತಳ್ಳಿದ್ದಕ್ಕೆ ಮುಖ್ಯ ಕಾರಣ ಕಾಲುವೆ, ಜನರ ಸೋಮಾರಿತನವಲ್ಲ. 19ನೆಯ ಶತಮಾನದಲ್ಲಿ ಈ ಸೀಮೆಯಿಂದ ಅನೇಕರು ಅಮೆರಿಕದ ಇಲಿನಾಯ್ ಮತ್ತು ಅಯೋವಾ ಕಡೆಗೆ ವಲಸೆ ಹೋದರು.

ರಾಜಕೀಯ ನಕ್ಷೆಯ ಮುಂದಿನ ಬದಲಾವಣೆಗಳು ಬೇಗ ಬೇಗ ಆದವು. 1807ರಲ್ಲಿ ನೆಪೋಲಿಯನ್ ಈ ಸೀಮೆಯನ್ನು ಹಾಲೆಂಡ್ ರಾಜ್ಯಕ್ಕೆ ಕೊಟ್ಟ, 1810ರಲ್ಲಿ ಫ್ರಾನ್ಸಿಗೇ ಸೇರಿಸಿಕೊಂಡ. 1813ರಲ್ಲಿ ಪ್ರಷ್ಯ ಮರಳಿತು, 1815ರ ವಿಯೆನ್ನಾ ಒಪ್ಪಂದದಲ್ಲಿ ಅದು ಹ್ಯಾನೋವರಿನ ಪಾಲಾಯಿತು. 1866ರ ನಂತರದ ಪ್ರಷ್ಯದ ಆಳ್ವಿಕೆಯಲ್ಲಿ, 1880ರಿಂದ 1888ರವರೆಗೆ, ಎಮ್ಡೆನ್‌ನಿಂದ ಔರಿಷ್ ಮೂಲಕ ವಿಲ್ಹೆಲ್ಮ್ಸ್‌ಹಾಫೆನ್‌ಗೆ 72 ಕಿಲೋಮೀಟರ್ ಉದ್ದದ ಕಾಲುವೆ ತೋಡಲಾಯಿತು, ಜೌಗಿನ ನೀರು ಬಸಿಯಲು ಅದೂ ನೆರವಾಯಿತು. 20ನೆಯ ಶತಮಾನದ ಆರಂಭದಲ್ಲಿ ವೀಸ್‌ಮೋರ್‌ನಲ್ಲಿ ಪೀಟ್ ಸುಟ್ಟು ವಿದ್ಯುತ್ ತೆಗೆಯುವ ಸ್ಥಾವರ ಬಂತು, ಅದರ ಬಿಸಿಯನ್ನು ಬಳಸಿ ಗಾಜಿನ ಮನೆಗಳಲ್ಲಿ ತರಕಾರಿ, ಹೂವು ಬೆಳೆಸಿದರು. ಸ್ಥಾವರ ಹೋಗಿದೆ, ಹೂವಿನ ಕಸುಬು ಊರಿನ ಗುರುತಾಗಿ ಉಳಿದಿದೆ.

ನಾಜಿ ಆಳ್ವಿಕೆಯನ್ನು ಈ ಚರಿತ್ರೆಯಿಂದ ಬಿಡಲಾಗದು. ಔರಿಷ್, ನೋರ್ಡೆನ್, ಡೋರ್ನುಮ್‌ಗಳಲ್ಲಿ ಶತಮಾನಗಳಿಂದ ಇದ್ದ ಯಹೂದಿ ಸಮುದಾಯಗಳು ನಾಶವಾದವು. 1938ರ ನವೆಂಬರ್ 9ರ ರಾತ್ರಿ ಔರಿಷ್‌ನ ಸಿನಗಾಗ್ ಸುಟ್ಟುಹೋಯಿತು. ಡೋರ್ನುಮ್‌ನ ಕಟ್ಟಡ ಅದಕ್ಕೆ ಕೆಲವೇ ದಿನ ಮುಂಚೆ ಮಾರಾಟವಾಗಿದ್ದರಿಂದ ಉಳಿಯಿತು, ಈಗ ಸ್ಮಾರಕವಾಗಿದೆ. 1944ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಎಂಗರ್‌ಹಾಫೆ ಊರಿನಲ್ಲಿ ನಡೆದ ಸೆರೆಶಿಬಿರದ ಕೈದಿಗಳನ್ನು ಔರಿಷ್ ಸುತ್ತ ಟ್ಯಾಂಕ್ ತಡೆಯುವ ಕಂದಕ ತೋಡಲು ಹಚ್ಚಲಾಯಿತು. ಆ ಎರಡು ತಿಂಗಳಲ್ಲಿ 188 ಮಂದಿ ಸತ್ತು ಊರಿನ ಇಗರ್ಜಿಯ ಪಕ್ಕದಲ್ಲಿ ಹೂಳಲ್ಪಟ್ಟರು.

1977ರ ವಿಲೀನ ಎರಡು ಭಿನ್ನ ಸೀಮೆಗಳನ್ನು ಒಂದು ಮಾಡಿತು: ಮರಳುದಿಬ್ಬ ಮತ್ತು ಜೌಗಿನ ಔರಿಷ್ ಒಂದು ಕಡೆ, ಮೆಕ್ಕಲು, ದಂಡೆ, ದ್ವೀಪಗಳ ನೋರ್ಡೆನ್ ಇನ್ನೊಂದು ಕಡೆ. ನೋರ್ಡೆನ್ ತನ್ನ ಪ್ರತ್ಯೇಕ ಅಭಿಮಾನ ಬಿಟ್ಟಿಲ್ಲ, ಬಿಡಬೇಕಾದ ಕಾರಣವೂ ಇಲ್ಲ. ಆರ್ಪ್ ಶ್ನಿಟ್ಗರ್ 17ನೆಯ ಶತಮಾನದ ಕೊನೆಗೆ ಕಟ್ಟಿದ ಆರ್ಗನ್ ವಾದ್ಯ ಅಲ್ಲಿಯ ಲುಡ್ಗೇರಿ ಇಗರ್ಜಿಯಲ್ಲಿ ಇಂದಿಗೂ ನುಡಿಯುತ್ತದೆ. ಆದಾಯದ ಮೂಲಗಳೂ ಹಾಗೆಯೇ ಹಂಚಿಹೋಗಿವೆ. ಜರ್ಮನಿಯ ಉತ್ತರ ಸಮುದ್ರದ ಮೊದಲ ಸಮುದ್ರಸ್ನಾನದ ತಾಣವಾಗಿ 1797ರಲ್ಲಿ ಆರಂಭವಾದ ನೋರ್ಡರ್ನೈ ಪ್ರವಾಸಿಗಳಿಂದ ಬದುಕುತ್ತದೆ. ಔರಿಷ್‌ನಲ್ಲಿ 1984ರಲ್ಲಿ ಅಲೋಯ್ಸ್ ವೊಬೆನ್ ಸ್ಥಾಪಿಸಿದ ಎನರ್ಕಾನ್ ಸಂಸ್ಥೆ ಗಾಳಿಯಂತ್ರಗಳ ದೊಡ್ಡ ತಯಾರಕ. ನಾರ್ವೆಯಿಂದ ಸಮುದ್ರತಳದಲ್ಲಿ ಬರುವ ಅನಿಲದ ಕೊಳವೆಗಳು 1990ರ ದಶಕದಿಂದ ಡೋರ್ನುಮ್ ಬಳಿ ನೆಲ ಸೇರುತ್ತವೆ. ಮನೆಮನೆಯಲ್ಲಿ ಕಲ್ಲುಸಕ್ಕರೆಯ ಮೇಲೆ ಸುರಿದು, ಕೆನೆ ಬಿಟ್ಟು, ಕಲಕದೆ ಕುಡಿಯುವ ಕಡುಚಹಾದ ಪುಡಿ ಬಹುಪಾಲು ನಮ್ಮ ಅಸ್ಸಾಮಿನದು.

ನೀರಿನ ಕೆಲಸ ಮುಗಿದಿಲ್ಲ. ಒಡ್ಡಿನ ಸಂಘಗಳು, ನೀರು ಬಸಿಯುವ ಸಂಘಗಳು ಇಂದಿಗೂ ಜಿಲ್ಲಾಡಳಿತದಿಂದ ಬೇರೆಯಾಗಿ ಕಾನೂನುಬದ್ಧವಾಗಿ ನಡೆಯುತ್ತಿವೆ. ರಕ್ಷಣೆಯ ವಲಯದಲ್ಲಿ ಜಮೀನುಳ್ಳ ಪ್ರತಿಯೊಬ್ಬನೂ ವಂತಿಗೆ ಕೊಡಬೇಕು. ವಸಂತದಲ್ಲೂ ಶರತ್ಕಾಲದಲ್ಲೂ ಸಂಘದವರು ಒಡ್ಡಿನ ಮೇಲೆ ನಡೆದು ಬಿಲ, ಬಿರುಕು, ಸವಕಲು ಪರೀಕ್ಷಿಸುತ್ತಾರೆ. ಒಡ್ಡಿನ ಮೇಲೆ ಕುರಿ ಬಿಡುವುದು ಚಂದಕ್ಕಲ್ಲ: ಅವು ಹುಲ್ಲನ್ನು ಗಿಡ್ಡವಾಗಿ ದಟ್ಟವಾಗಿ ಇಡುತ್ತವೆ, ಗೊರಸಿನಿಂದ ಮಣ್ಣನ್ನು ಗಟ್ಟಿಮಾಡುತ್ತವೆ. ಇನ್ನೊಂದೆಡೆ, ನೀರು ಬಸಿದ ನೆಲ ಒಣಗಿ ಕುಗ್ಗುತ್ತಾ ತಗ್ಗಿದೆ. ಕ್ರುಮ್‌ಹೋರ್ನ್‌ನಲ್ಲಿ ಫ್ರೇಪ್ಸುಮ್ ಎಂಬಲ್ಲಿ ಹಿಂದೆ ಕೆರೆಯಾಗಿದ್ದ ಹೊಲಗಳು ಸಮುದ್ರ ಮಟ್ಟಕ್ಕಿಂತ ಎರಡು ಮೀಟರಿಗೂ ಹೆಚ್ಚು ಕೆಳಗಿವೆ. ಅಂಥ ಕಡೆ ತೂಬಿನ ಕದಗಳಷ್ಟೇ ಸಾಲದು, ಪಂಪುಗಳು ನೀರೆತ್ತಬೇಕು. ಒಳಗಿನ ನೆಲ ಇಳಿಯುತ್ತಿದೆ, ಹೊರಗಿನ ಸಮುದ್ರ ಏರುತ್ತಿದೆ, ಆದ್ದರಿಂದ ಒಡ್ಡಿನ ಎತ್ತರವೂ ಪಂಪುಗಳ ಶಕ್ತಿಯೂ ಒಟ್ಟಿಗೆ ಹೆಚ್ಚಬೇಕಾಗಿದೆ. ಅದರ ಜೊತೆಗೆ, ಒಣಗಿದ ಪೀಟ್ ಗಾಳಿಗೆ ಇಂಗಾಲ ಬಿಡುವುದರಿಂದ ಕೆಲವು ಜೌಗುಗಳಿಗೆ ಮತ್ತೆ ನೀರು ನಿಲ್ಲಿಸಬೇಕೆಂಬ ಒತ್ತಾಯವಿದೆ, ಅಲ್ಲಿ ಹೈನು ನಡೆಸುವ ರೈತರು ಅದಕ್ಕೆ ಸಹಜವಾಗಿಯೇ ಹೆದರುತ್ತಾರೆ. ನೀರನ್ನು ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು, ಅದರ ಖರ್ಚು ಯಾರು ಹೊರಬೇಕು ಎಂಬುದೇ ಇಂದು ಆ ಸಂಘಗಳ ಸಭೆಗಳಲ್ಲಿಯೂ ಜಿಲ್ಲಾ ಸಭೆಯಲ್ಲಿಯೂ ಚರ್ಚೆಯಾಗುತ್ತಿರುವ ವಿಷಯ.